ಪೂಜೆಯ ವಿಧಿ ಫಾದರ್ ಆಸ್ತಿಯಲ್ಲ, ಕೊನೆ ಸಾಲಿನವರ ಹಕ್ಕು

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ನಿಯಮ ಅಂದರೇನೆಂದು ಯಾರೂ ಪಾಠ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ಯಾರೋ ರಾತ್ರೋರಾತ್ರಿ ಕಾಲುವೆಗೆ ಪೈಪು ಇಳಿಸಿದರೆ ಕೆಳಗಿನವರ ನೆಲ್ಲು ಒಣಗುತ್ತದೆ. ನಿಯಮ ಮುರಿದವನಿಗೆ ಏನೂ ಆಗುವುದಿಲ್ಲ, ಸಾಲ ಹೊರುವವನು ಕೊನೆಯವನು. ಸಿಂಧನೂರು, ಮಸ್ಕಿ ಕಡೆಯ ಮಂದಿ ಗೇಜಿನ ಲೆಕ್ಕ ಹಿಡಿದು ರಸ್ತೆಯಲ್ಲಿ ಕೂಡುವುದು ಇದೇ ಕಾರಣಕ್ಕೆ.

ಇವತ್ತು ನಾವು ಬರೆಯುತ್ತಿರುವುದು ಕ್ಯಾಥೋಲಿಕ್ ಚರ್ಚಿನ ಭಾನುವಾರದ ಬಲಿಪೂಜೆಯ ಬಗ್ಗೆ. ಅಲ್ಲಿಯೂ ನಿಯಮಗಳಿವೆ. ಅಲ್ಲಿಯೂ ಅವು ಮುರಿದಾಗ ನಷ್ಟ ಆಗುವುದು ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ ನಿಂತ ಕೂಲಿಯವರಿಗೆ. ಆದರೆ ಈಗ ನಡೆಯುತ್ತಿರುವ ಗದ್ದಲವೆಲ್ಲ ತಪ್ಪು ಜಾಗದಲ್ಲಿ ನಡೆಯುತ್ತಿದೆ. ಮುರಿಯದ ನಿಯಮಕ್ಕೆ ಕೂಗಾಟ, ಮುರಿದ ನಿಯಮಕ್ಕೆ ಮೌನ. ಇದನ್ನೇ ನಾವು ಪ್ರಶ್ನಿಸುತ್ತಿದ್ದೇವೆ.

ಮೊದಲು ಕೂಗಾಟದ ವಿಷಯ. ಫೋನಿನಲ್ಲಿ ಬರುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಪೂಜೆಯಲ್ಲಿ ಆರತಿ ಎತ್ತಿದರು, ದೀಪ ಹಚ್ಚಿದರು, ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು, ಕೈ ಮುಗಿದರು, ಇದೆಲ್ಲ ಅಪಚಾರ, ಧರ್ಮಸಭೆ ಕೆಟ್ಟುಹೋಯಿತು ಎಂದು ಅದರಲ್ಲಿ ಯಾರೋ ಗಟ್ಟಿ ದನಿಯಲ್ಲಿ ಹೇಳುತ್ತಾರೆ. ಹಳ್ಳಿಯ ಮಂದಿ ಹೆದರುತ್ತಾರೆ. ನಮ್ಮ ಅಜ್ಜಿ ಮಾಡಿದ್ದು ಪಾಪವೇ ಎಂದು ಹುಡುಗರು ಕೇಳುತ್ತಾರೆ.

ಅಲ್ಲ. 1969ರ ಏಪ್ರಿಲ್ 25ರಂದೇ ರೋಮ್ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಭಾರತದ ಬಿಷಪರು ಕೇಳಿದ್ದ 12 ಅಂಶಗಳ ಪಟ್ಟಿ ಅದು. ನೆಲದ ಮೇಲೆ ಕೂಡಬಹುದು, ಪಾದರಕ್ಷೆ ಬಿಡಬಹುದು. ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು. ಪಂಚಾಂಗ ಪ್ರಣಾಮ ಮಾಡಬಹುದು. ಪವಿತ್ರ ವಸ್ತುವಿಗೆ ಮುತ್ತಿಡುವ ಬದಲು ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬಹುದು. ಮೇಣದ ಬತ್ತಿಯ ಬದಲು ಎಣ್ಣೆ ದೀಪ ಇಡಬಹುದು. ಗುರುಗಳು ಅಂಗವಸ್ತ್ರದ ರೀತಿಯ ಸರಳ ಉಡುಪು ತೊಡಬಹುದು. ಬಲಿಪೀಠದ ಮೇಲೆ ತಟ್ಟೆ ಇಡಬಹುದು. ಹೂವು, ಧೂಪ, ದೀಪದ ಆರತಿ ಎತ್ತಬಹುದು. ಎಲ್ಲಿ, ಎಷ್ಟು ಎಂಬುದನ್ನು ತೀರ್ಮಾನಿಸುವವರು ಬಿಷಪರು.

ಈ ಕೆಲಸದ ಹಿಂದೆ ಇದ್ದವರಲ್ಲಿ ಮುಖ್ಯರು ಫಾದರ್ ಡಿ. ಎಸ್. ಅಮಲೋರ್ಪವದಾಸ್. ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿಯ ರಾಷ್ಟ್ರೀಯ ಕೇಂದ್ರವನ್ನು ಕಟ್ಟಿದವರು, ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ನಡೆಸಿದವರು. ಆ ಕಾಲದಲ್ಲೂ ಅವರಿಗೆ ಬೈಗುಳ ತಪ್ಪಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಅದೇ ಬೈಗುಳ ಫೋನಿನಲ್ಲಿ ತಿರುಗುತ್ತಿದೆ. ಹಾಗಾಗಿ ಆರತಿ ಕಂಡ ಕೂಡಲೇ ನಿಯಮ ಮುರಿದರು ಎನ್ನುವವರಿಗೆ ನಮ್ಮ ಮಾತು ಇಷ್ಟೇ: ಮೊದಲು ನಿಯಮ ಓದಿ.

ಈಗ ಮೌನದ ವಿಷಯಕ್ಕೆ ಬರೋಣ.

ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನಾ ವಿಧಿಯ ಬಗ್ಗೆ ಒಂದು ಸಂವಿಧಾನ ಹೊರಡಿಸಿತು. ಅದರ 22ನೇ ಕಲಮಿನ ಪ್ರಕಾರ ಯಾರೂ, ಗುರುಗಳಾದರೂ ಸಹ, ತಮ್ಮ ಇಷ್ಟಕ್ಕೆ ಪೂಜಾವಿಧಿಗೆ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ. ಇದನ್ನು ಗುರುಗಳ ಕೈಕಟ್ಟುವ ನಿಯಮ ಎಂದು ಓದುವವರಿದ್ದಾರೆ. ಇದು ಜನರನ್ನು ಕಾಯುವ ನಿಯಮ ಎಂದು ನಾವು ಓದುತ್ತೇವೆ. ಇಂಥ ಗುರುಗಳಿದ್ದರೆ ಇಂಥ ಪೂಜೆ, ಇಂಥ ಊರಾದರೆ ಇಷ್ಟೇ ಪೂಜೆ ಎಂದಾಗಬಾರದು. ಬೆಂಗಳೂರಿನ ದೊಡ್ಡ ಚರ್ಚಿನವರಿಗೆ ಸಿಕ್ಕಿದ್ದು ಮಸ್ಕಿ ಕಡೆಯ ಹಳ್ಳಿಯವರಿಗೂ ಪೂರ್ತಿ ಸಿಗಬೇಕು.

ಹಾಗಿದ್ದರೆ ನಿಜವಾಗಿ ಮುರಿಯುತ್ತಿರುವುದು ಏನು? ಯಾವ ಊರಿನ, ಯಾವ ಗುರುಗಳ ಹೆಸರನ್ನೂ ನಾವು ಬರೆಯುವುದಿಲ್ಲ. ನಿಯಮ ಹೇಳುತ್ತೇವೆ. ನಿಮ್ಮೂರಿನ ಪೂಜೆಯ ಪಕ್ಕ ಇಟ್ಟು ನೀವೇ ನೋಡಿ.

ಒಂದು, ಕುರ್ಚಿ. ಹಬ್ಬದ ದಿನ ಮುಂದಿನ ಸಾಲಿನಲ್ಲಿ ದಾನಿಗಳಿಗೆ, ಗುತ್ತಿಗೆದಾರರಿಗೆ, ಊರ ಮುಖಂಡರಿಗೆ ಬಟ್ಟೆ ಹೊದಿಸಿದ ಕುರ್ಚಿ. ಪೂಜೆಯ ನಡುವೆಯೇ ಶಾಲು, ಹಾರ, ಸನ್ಮಾನ. ಅದೇ ಸಂವಿಧಾನದ 32ನೇ ಕಲಮು ಓದಿ. ವಿಧಿಯಲ್ಲಿ ಕೆಲಸ ಇರುವವರಿಗೆ, ಗುರುದೀಕ್ಷೆ ಪಡೆದವರಿಗೆ, ನಿಯಮದ ಪ್ರಕಾರ ಸರ್ಕಾರದ ಅಧಿಕಾರಸ್ಥರಿಗೆ ಸಲ್ಲುವ ಗೌರವ ಬಿಟ್ಟರೆ, ಪೂಜೆಯಲ್ಲಿ ಯಾವ ವ್ಯಕ್ತಿಗೂ, ಯಾವ ವರ್ಗಕ್ಕೂ ವಿಶೇಷ ಮರ್ಯಾದೆ ಕೂಡದು. ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 311ನೇ ಅಂಶ ಇನ್ನೂ ನೇರ: ಖಾಸಗಿ ವ್ಯಕ್ತಿಗಳಿಗೆ ಆಸನ ಕಾಯ್ದಿರಿಸುವ ಪದ್ಧತಿಯನ್ನು ಅದು ಖಂಡಿಸುತ್ತದೆ. ಬಂಗಾರದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಹರಕು ಬಟ್ಟೆಯವನಿಗೆ ನೆಲ ಎಂಬ ಪದ್ಧತಿಯನ್ನು ಬೈಬಲಿನ ಯಾಕೋಬನ ಪತ್ರ ಎರಡು ಸಾವಿರ ವರ್ಷದ ಹಿಂದೆಯೇ ಬಯ್ದಿದೆ. ನೆಲದ ಮೇಲೆ ಎಲ್ಲರೂ ಕೂತರೆ ಅದು ಭಕ್ತಿ. ಬಡವರು ಮಾತ್ರ ಕೂತರೆ ಅದು ಹಳೆಯ ಜಾತಿ ಪಂಕ್ತಿ. ದಲಿತರ ಬಗೆಗಿನ ತಾರತಮ್ಯ ಪಾಪ ಎಂದು ಭಾರತದ ಕ್ಯಾಥೋಲಿಕ್ ಬಿಷಪರು 2016ರ ಡಿಸೆಂಬರಿನಲ್ಲಿ ನೀತಿಪತ್ರವನ್ನೇ ಹೊರಡಿಸಿದ್ದಾರೆ. ನೀತಿ ದಿಲ್ಲಿಯಲ್ಲಿ, ಕುರ್ಚಿ ಹಳ್ಳಿಯಲ್ಲಿ ಎಂದಾದರೆ ಏನು ಪ್ರಯೋಜನ?

ಎರಡು, ಮೈಕು. ವಾಚನಪೀಠ ಇರುವುದು ದೇವರ ವಾಕ್ಯಕ್ಕೆ, ಕೀರ್ತನೆಗೆ, ಪ್ರಬೋಧನೆಗೆ, ವಿಶ್ವಾಸಿಗಳ ಪ್ರಾರ್ಥನೆಗೆ. ಭಾನುವಾರ ಜನ ಸೇರಿದ ಪೂಜೆಯಲ್ಲಿ ಗಂಭೀರ ಕಾರಣವಿಲ್ಲದೆ ಪ್ರಬೋಧನೆ ಬಿಡುವಂತಿಲ್ಲ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 767ನೇ ಕಲಮು ಹೇಳುತ್ತದೆ. ಅದನ್ನು ಮಾಡುವವರು ಗುರುಗಳು ಅಥವಾ ಉಪಯಾಜಕರು ಮಾತ್ರ. ಅದು ಬರೀ ರಾಜಕೀಯ, ಬರೀ ಲೌಕಿಕ ಮಾತಾಗಬಾರದು ಎಂದು 2004ರ ಮಾರ್ಚ್ 25ರ ವ್ಯಾಟಿಕನ್ ಸೂಚನಾಪತ್ರ ಹೇಳುತ್ತದೆ. ಹೀಗಿರುವಾಗ ಪ್ರಬೋಧನೆಯ ಹೊತ್ತಿನಲ್ಲಿ ದಾನಿಗಳ ಪಟ್ಟಿ ಓದುವುದು, ಚುನಾವಣೆ ಹತ್ತಿರ ಬಂದಾಗ ಯಾರದೋ ಕೈಗೆ ಮೈಕು ಕೊಡುವುದು ಯಾವ ನಿಯಮ? ವಾರವಿಡೀ ಹೊಲದಲ್ಲಿ ದುಡಿದ ಹೆಣ್ಣುಮಗಳು ಒಂದು ಒಳ್ಳೆಯ ಮಾತು ಕೇಳಲು ಬಂದಿರುತ್ತಾಳೆ. ಅವಳ ಪಾಲಿನ ಆ ಹತ್ತು ನಿಮಿಷವನ್ನು ಇನ್ನೊಬ್ಬರಿಗೆ ಹಂಚುವ ಅಧಿಕಾರ ಯಾರಿಗೂ ಇಲ್ಲ.

ಮೂರು, ದನಿ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಆದಿಲ್‌ಶಾಹಿ ಕಾಲದಿಂದ ಕ್ಯಾಥೋಲಿಕರು ಇರುವ ಊರು. ಅಲ್ಲಿಯ ಎಷ್ಟೋ ತಲೆಮಾರುಗಳು ಲ್ಯಾಟಿನ್ ಪೂಜೆಯನ್ನೇ ಕೇಳಿದವು. ಗುರುಗಳು ಹೇಳುವುದು ಜನರಿಗೆ ತಿಳಿಯುತ್ತಿರಲಿಲ್ಲ. ಆ ಮಹಾಸಭೆಯ ನಂತರವೇ ಪೂಜೆ ಕನ್ನಡಕ್ಕೆ ಬಂತು, ಉತ್ತರ ಕೊಡುವ ಸರದಿ ಜನರದಾಯಿತು. ಜನರ ಉತ್ತರ, ಹಾಡು, ಮೌನ ಎಲ್ಲವೂ ಪೂಜೆಯ ಭಾಗ ಎಂದು 30ನೇ ಕಲಮು ಹೇಳುತ್ತದೆ. ಈಗ ಆ ಸರದಿಯನ್ನು ಸ್ಪೀಕರ್ ಪೆಟ್ಟಿಗೆ ಕಸಿಯುತ್ತಿದೆ. ಗಾಯನ ವೃಂದದ ನಾಲ್ಕು ಜನರ ಮುಂದೆ ಮೈಕು, ಪೆನ್‌ಡ್ರೈವಿನ ಟ್ರ್ಯಾಕು, ಸಿನಿಮಾ ಧಾಟಿಯ ಹಾಡು. ಹಿಂದೆ ನಿಂತವರ ಬಾಯಿ ಬಂದ್. ಆಗ ಭಾಷೆ ತಿಳಿಯದೆ ಸುಮ್ಮನಿದ್ದರು, ಈಗ ಸದ್ದು ಮುಚ್ಚಿ ಸುಮ್ಮನಾಗಿಸಿದ್ದೇವೆ.

ವಿಶ್ವಾಸಿಗಳ ಪ್ರಾರ್ಥನೆಯನ್ನೂ ಗಮನಿಸಿ. ಅಲ್ಲಿ ಜನ ತಮ್ಮದೇ ಮಾತಿನಲ್ಲಿ ಬೇಡಿಕೊಳ್ಳಲು ಅವಕಾಶ 1969ರ ಪಟ್ಟಿಯಲ್ಲೇ ಇದೆ. ಕಾಲುವೆಗೆ ನೀರು ಬರಲಿ, ಗುಳೆ ಹೋದ ಮಕ್ಕಳು ಕ್ಷೇಮವಾಗಿರಲಿ ಎಂದು ಬೇಡಬಹುದು. ಎಲ್ಲಿಂದಲೋ ಇಳಿಸಿಕೊಂಡ ನಾಲ್ಕು ಸಾಲು ಓದಿ ಮುಗಿಸುವವರಿಗೆ ಈ ಅವಕಾಶ ಕಾಣುವುದೇ ಇಲ್ಲ. ಇಲ್ಲದ ಸ್ವಾತಂತ್ರ್ಯವನ್ನು ಬಲಿಪೀಠದಲ್ಲಿ ತೆಗೆದುಕೊಳ್ಳುತ್ತೇವೆ, ಇರುವ ಸ್ವಾತಂತ್ರ್ಯವನ್ನು ಜನರಿಗೆ ಕೊಡುವುದಿಲ್ಲ.

ನಾಲ್ಕು, ಕಾಣಿಕೆ. ತೀರಿಹೋದವರ ಹೆಸರಲ್ಲಿ ಪೂಜೆ ಮಾಡಿಸಲು ಕಾಣಿಕೆ ಕೊಡುವ ರೂಢಿ ಇದೆ, ಅದು ತಪ್ಪಲ್ಲ. ಆದರೆ ಆ ಮೊತ್ತವನ್ನು ಗೊತ್ತುಮಾಡುವವರು ಬಿಷಪರು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎನ್ನುತ್ತದೆ 848ನೇ ಕಲಮು. ಕಾಣಿಕೆ ಇಲ್ಲದಿದ್ದರೂ ಬಡವರ ಕೋರಿಕೆಗೆ ಪೂಜೆ ಅರ್ಪಿಸಿ ಎಂದು 945ನೇ ಕಲಮು ಗುರುಗಳಿಗೆ ಒತ್ತಿ ಹೇಳುತ್ತದೆ. ವ್ಯಾಪಾರದ ಛಾಯೆಯೂ ಬೀಳಬಾರದು ಎನ್ನುತ್ತದೆ 947. ಹೆಚ್ಚು ಕೊಟ್ಟವರ ಹೆಸರು ಮೈಕಿನಲ್ಲಿ ಮೂರು ಸಲ, ಕಡಿಮೆ ಕೊಟ್ಟವರ ಹೆಸರು ಚೀಟಿಯಲ್ಲೇ ಉಳಿದರೆ ಅದು ಛಾಯೆ ಅಲ್ಲ, ವ್ಯಾಪಾರವೇ.

ಐದು, ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ. ಮೊದಲು ಗಂಡಸರ ಪಾದ ಮಾತ್ರ ಎಂಬ ನಿಯಮವಿತ್ತು. 2016ರ ಜನವರಿ 6ರ ಆದೇಶದಿಂದ ಅದು ಬದಲಾಯಿತು. ಹೆಂಗಸರು, ಯುವಕರು, ಮುದುಕರು, ರೋಗಿಗಳು, ಯಾರನ್ನಾದರೂ ಆರಿಸಬಹುದು. ನಿಯಮ ಬಾಗಿಲು ತೆರೆದಿದೆ. ಆದರೂ ಸಮಿತಿಯ ಹನ್ನೆರಡು ಗಂಡಸರೇ ವರ್ಷ ವರ್ಷ ಕಾಲು ಚಾಚಿ ಕೂತರೆ ಅದನ್ನು ನಿಯಮಭಂಗ ಎನ್ನಲಾಗದು, ನಾಚಿಕೆಗೇಡು ಎನ್ನಬಹುದು. ಗದ್ದೆಯ ಕೆಸರಲ್ಲಿ ಸಸಿ ನಾಟಿ ಮಾಡಿದ ಪಾದಗಳು ಹೊರಗೇ ಉಳಿಯುತ್ತವೆ.

ಇಷ್ಟು ಹೇಳಿದರೆ ಎದುರು ಮಾತು ಬರುತ್ತದೆ. ಯೇಸುವೇ ಸಬ್ಬತ್ ದಿನದ ನಿಯಮ ಮುರಿದನಲ್ಲ, ನೀವ್ಯಾಕೆ ಕಲಮು ಹಿಡಿದು ಕೂತಿದ್ದೀರಿ ಎನ್ನುತ್ತಾರೆ. ಸರಿ, ಯಾರಿಗಾಗಿ ಮುರಿದ ಎಂದು ನೋಡಿ. ಕೈ ಬತ್ತಿದವನಿಗಾಗಿ, ಹಸಿದ ಶಿಷ್ಯರಿಗಾಗಿ. ನೀವು ಮುರಿಯುತ್ತಿರುವುದು ಯಾರಿಗಾಗಿ? ಕುರ್ಚಿಯವರಿಗಾಗಿ, ಮೈಕಿನವರಿಗಾಗಿ. ಬಡವನ ಬೆನ್ನ ಮೇಲಿನ ಹೊರೆ ಇಳಿಸಲು ನಿಯಮ ಮುರಿಯುವುದು ಬೇರೆ, ಬಡವನನ್ನು ಕಾಯುವ ಬೇಲಿ ಕೀಳುವುದು ಬೇರೆ.

ಇನ್ನೊಂದು ಮಾತು ನ್ಯಾಯವಾದದ್ದು. ಒಬ್ಬ ಗುರು ಭಾನುವಾರ ಹಲವು ಹಳ್ಳಿ ತಿರುಗಬೇಕು, ಎಲ್ಲ ಕಡೆ ದೀರ್ಘ ಪೂಜೆ ಸಾಧ್ಯವಿಲ್ಲ ಎನ್ನುತ್ತಾರೆ. ಒಪ್ಪಿದೆವು. ಅವರ ದಣಿವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪೂಜಾಗ್ರಂಥದಲ್ಲೇ ಚಿಕ್ಕ ಪ್ರಾರ್ಥನೆಗಳಿವೆ, ಅವನ್ನು ಆರಿಸಿಕೊಳ್ಳಬಹುದು. ಚಿಕ್ಕ ಪೂಜೆ ತಪ್ಪಲ್ಲ. ಸನ್ಮಾನಕ್ಕೆ ಅರ್ಧ ಗಂಟೆ ಸಿಕ್ಕು, ಪ್ರಬೋಧನೆಗೆ ಮಾತ್ರ ಹೊತ್ತಿಲ್ಲ ಎಂದರೆ ಅದು ತಪ್ಪು.

ಕೊನೆಯ ಆಕ್ಷೇಪ: ಇದು ಕ್ರೈಸ್ತರ ಮನೆಯೊಳಗಿನ ವಿಷಯ, ನಿಮಗ್ಯಾಕೆ? ನಮ್ಮ ಬಳಗದಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಜಾತ್ರೆಯಲ್ಲಿ ತೇರಿನ ಹಗ್ಗ ಯಾರು ಹಿಡಿಯಬೇಕು, ಗ್ರಾಮಸಭೆಯಲ್ಲಿ ಯಾರು ಕುರ್ಚಿಯಲ್ಲಿ ಕೂಡಬೇಕು ಎಂದು ಕೇಳುವ ನಾವು ಚರ್ಚಿನ ಬಾಗಿಲಲ್ಲಿ ಬಾಯಿ ಮುಚ್ಚಬೇಕೆ? 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಅಶೋಕನ ಶಾಸನ ನೆನಪಿಸಿಕೊಳ್ಳಿ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುತ್ತದೆ ಎಂದು ತಿಳಿಯಬೇಡಿ, ಚಿಕ್ಕವರಿಗೂ ಸಿಗುತ್ತದೆ, ಇಬ್ಬರಿಗೂ ಇದನ್ನು ಹೇಳಿ ಎಂಬುದೇ ಆ ಬಂಡೆಯ ತಾತ್ಪರ್ಯ. ಈ ನೆಲದಲ್ಲಿ ಯಾವ ಧರ್ಮದ ಮನೆಯಾದರೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು.

ಹಾಗಾದರೆ ಏನು ಮಾಡಬೇಕು? 2004ರ ಆ ಸೂಚನಾಪತ್ರದ 184ನೇ ಅಂಶ ನಿಮ್ಮ ಕೈಯಲ್ಲಿರಲಿ. ಪೂಜೆಯಲ್ಲಿ ನಿಯಮ ಮುರಿದರೆ ದೂರು ಕೊಡುವ ಹಕ್ಕು ಗುರುಗಳಿಗೆ ಇರುವಂತೆ ಸಾಮಾನ್ಯ ಕ್ಯಾಥೋಲಿಕನಿಗೂ ಇದೆ. ಸತ್ಯ ಮತ್ತು ಪ್ರೀತಿಯಿಂದ ಕೊಡಿ ಎಂದೂ ಅದು ಹೇಳುತ್ತದೆ. ಮೊದಲು ಫಾದರ್ ಹತ್ತಿರ ಕೂತು ಮಾತಾಡಿ. ಅಲ್ಲಿ ಬಗೆಹರಿಯದಿದ್ದರೆ ಬಿಷಪರಿಗೆ ಬರೆಯಿರಿ. ನಮ್ಮ ರಾಯಚೂರು ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಅರ್ಜಿಯಲ್ಲಿ ಯಾವ ದಿನ, ಯಾವ ಪೂಜೆ, ಏನಾಯಿತು, ಯಾವ ನಿಯಮ ಎಂಬ ನಾಲ್ಕೇ ಸಂಗತಿ ಇರಲಿ. ಬೈಗುಳ ಬೇಡ. ಓದು ಬರಹ ಬಾರದ ಹಿರಿಯರ ಮಾತನ್ನು ಓದಿದ ಹುಡುಗರು ಬರೆದುಕೊಡಿ, ಹೆಬ್ಬೆಟ್ಟಿನ ಗುರುತೂ ಸಹಿಯೇ.

ಬಲಿಪೀಠದ ಎದುರು ಫೋನ್ ಹಿಡಿದು ವಿಡಿಯೋ ಮಾಡಿ ಹಂಚಬೇಡಿ. ಅದರಿಂದ ಒಬ್ಬ ಗುರುವಿನ ಮಾನ ಹೋಗಬಹುದು, ಹಿಂದಿನ ಸಾಲಿನವರಿಗೆ ಜಾಗ ಸಿಗುವುದಿಲ್ಲ.

ಚರ್ಚಿನ ಸಮಿತಿಗಳಿಗೆ ನಮ್ಮದು ಒಂದೇ ಬೇಡಿಕೆ. ಬರುವ ಹಬ್ಬದ ಫ್ಲೆಕ್ಸ್ ಬರೆಸುವಾಗ ದಾನಿಗಳ ಫೋಟೋ ಪಕ್ಕಕ್ಕಿಟ್ಟು 32ನೇ ಕಲಮನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿ. ಆಮೇಲೆ ಬಟ್ಟೆ ಹೊದಿಸಿದ ಕುರ್ಚಿಗಳನ್ನು ಒಳಗೆ ತರುತ್ತೀರೋ ಇಲ್ಲವೋ, ಊರು ನೋಡಲಿ.