ವ್ಯೂಸ್ ಬಂತು ಅಂದ್ರ ನೋಡಿದ್ರು ಅಂತಲ್ಲ

ಭಾಗ 1/5
ದೋಸ್ತರ, ಫೆಸ್ಟ್ ಸೀಸನ್ ಬಂತು. ರೀಲ್ಸ್ ಸ್ಪರ್ಧೆಯ ಪೋಸ್ಟರ್‌ನ್ಯಾಗ ಮತ್ತ ಅದೇ ಸಾಲು: "ಹೆಚ್ಚು ವ್ಯೂಸ್ ಬಂದವರಿಗೆ ಮೊದಲ ಬಹುಮಾನ." ಈ ನಿಯಮ ಕಿತ್ತು ಹಾಕ್ರಿ. ಹೊಟ್ಟೆಕಿಚ್ಚಿಗೆ ಹೇಳಾಕತ್ತಿಲ್ಲ, ಲೆಕ್ಕ ಕೊಡ್ತೀನಿ, ಓದ್ರಿ. 👇

ಭಾಗ 2/5
ರೀಲ್ ಪ್ಲೇ ಆಗಾಕ ಶುರು ಆದ್ರ ಸಾಕು, ಒಂದು ವ್ಯೂ. ಅದೇ ಮನುಷ್ಯ ಮತ್ತ ನೋಡಿದ್ರ ಇನ್ನೊಂದು. ಯೂಟ್ಯೂಬ್ ಶಾರ್ಟ್ಸ್‌ನಲ್ಲೂ 2025ರ ಮಾರ್ಚ್ 31ರಿಂದ ಇದೇ ಪದ್ಧತಿ. ಆದರೆ ರೊಕ್ಕ ಹಂಚುವಾಗ ಯೂಟ್ಯೂಬ್ ಈ ದೊಡ್ಡ ಅಂಕಿ ಹಿಡಿಯೋದಿಲ್ಲ. 'ಎಂಗೇಜ್ಡ್ ವ್ಯೂಸ್' ಅಂತ ಬೇರೆ ಎಣಿಸಿ, ಅದರ ಮ್ಯಾಲೆ ಕೊಡ್ತದ. ನಮಗ ತೋರ್ಸಾಕ ಒಂದು ಲೆಕ್ಕ, ಗಲ್ಲಾಪೆಟ್ಟಿಗೆಗೆ ಇನ್ನೊಂದು!

ಭಾಗ 3/5
'ಸರಾಸರಿ ನೋಡಿದ ಸಮಯ' ನೋಡೋಣಂದ್ರ, ಅದನ್ನೂ ಕಣ್ಣುಮುಚ್ಚಿ ನಂಬಬ್ಯಾಡ್ರಿ. 2016ರಲ್ಲಿ ಫೇಸ್‌ಬುಕ್ ತನ್ನ ತಪ್ಪು ಒಪ್ಪಿಕೊಂಡಿತು: 3 ಸೆಕೆಂಡ್‌ಗಿಂತ ಕಡಿಮೆ ನೋಡಿದವರನ್ನ ಲೆಕ್ಕದಿಂದಲೇ ಬಿಟ್ಟು ಸರಾಸರಿ ತೆಗೆದಿತ್ತು, ಅದೂ ಸುಮಾರು ಎರಡು ವರ್ಷ. ನಪಾಸಾದವರನ್ನ ಬಿಟ್ಟು ಕ್ಲಾಸಿನ ಸರಾಸರಿ ಹೇಳಿದಂಗ. ಜಾಹೀರಾತುದಾರರು ಕೋರ್ಟಿಗೆ ಹೋದರು. 2019ರಲ್ಲಿ ಕಂಪನಿ 4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಭಾಗ 4/5
ಈಗ ಖಾನಾಪುರಕ್ಕ ಬರ್ರಿ. ಲೆಕ್ಕಕ್ಕಂತ ಹಿಡೀರಿ: ಫಾಲ್ಸ್ ಮುಂದ ಟ್ರೆಂಡಿಂಗ್ ಹಾಡಿನ ರೀಲ್‌ಗೆ 1000 ವ್ಯೂಸ್, ಸರಾಸರಿ 4 ಸೆಕೆಂಡ್. ಒಟ್ಟು 4000 ಸೆಕೆಂಡ್. ಇನ್ನೊಬ್ಬಾಕಿ ಕಣಕುಂಬಿಗೆ ಹೋಗಿ, ಮಲಪ್ರಭೆ ಹುಟ್ಟಿ ಹುಬ್ಬಳ್ಳಿ-ಧಾರವಾಡದ ನಳಕ್ಕ ಹೆಂಗ ಹೋಗ್ತದ ಅಂತ ಒಂದು ನಿಮಿಷದಾಗ ಹೇಳ್ಯಾಳ. ವ್ಯೂಸ್ ಬರೇ 200, ಸರಾಸರಿ 40 ಸೆಕೆಂಡ್. ಒಟ್ಟು 8000. ಜನ ಎರಡು ಪಟ್ಟು ಹೊತ್ತು ನೋಡಿದ್ದು ಆಕೀದನ್ನ, ಕಪ್ ಮಾತ್ರ ಅವಂಗ!

ಯಾವ ಮೀಟರ್‌ಗೂ ಸಿಗದ್ದು ಇನ್ನೂ ಐತಿ. ಭೀಮಗಡ ಕಾಡಿನ ಬಾರಾಪೇಡೆ ಗುಹೆ ರಾಟನ್ ಬಾವಲಿಯ ಮನೆ. ಜಗತ್ತಿನಲ್ಲೇ ಅಪರೂಪದ ಜೀವಿ. ಇಂಥಾ ಜಾಗಕ್ಕ ಲೊಕೇಶನ್ ಟ್ಯಾಗ್ ಹಾಕಿ ಮಂದಿ ನುಗ್ಗಿಸಿದ್ರ ವ್ಯೂಸ್ ಏರ್ತಾವ. ಬಾವಲಿ ಓಡಿಹೋದ್ರ ಇನ್‌ಸೈಟ್ಸ್‌ನ್ಯಾಗ ಒಂದು ಅಂಕಿನೂ ಇಳಿಯೂದಿಲ್ಲ.

ಭಾಗ 5/5
"ವ್ಯೂಸ್ ಇಲ್ದ ಬೆಳೆಯೂದು ಹೆಂಗ?" ಅಂತೀರಿ. ಬೆಳೀರಿ, ಬ್ಯಾಡ ಅಂದವರ್ಯಾರು? ಎಷ್ಟು ದೂರ ಮುಟ್ಟಿತು ಅಂತ ತಿಳಿಯಾಕ ಅದೂ ಬೇಕು. ಬಹುಮಾನಕ್ಕ ಅದೊಂದೇ ತಕ್ಕಡಿ ಆಗಬಾರದು, ಅಷ್ಟ.

ಸ್ಪರ್ಧೆ ನಡೆಸುವವರಿಗೆ ನನ್ನ ಬೇಡಿಕೆ ಮೂರು:
1. ವ್ಯೂಸ್ ಜೊತೆ ರೀಚ್, ರೀಲ್‌ನ ಉದ್ದ, ಸರಾಸರಿ ನೋಡಿದ ಸಮಯ, ಸೇವ್, ಶೇರ್ ಎಲ್ಲದರ ಸ್ಕ್ರೀನ್‌ಶಾಟ್ ಕೇಳ್ರಿ.
2. ಕಾಡಿನ ಸೂಕ್ಷ್ಮ ಜಾಗ ಟ್ಯಾಗ್ ಮಾಡಿದ ರೀಲ್ ತಗೋಬ್ಯಾಡ್ರಿ.
3. ತೀರ್ಪುಗಾರರು ಪ್ರತಿ ರೀಲ್ ಪೂರ್ತಿ ನೋಡ್ಲಿ. ನೋಡದನ ಕೊಟ್ಟ ಮಾರ್ಕ್ಸ್ ಪರೀಕ್ಷೆಯಲ್ಲಿ ಒಪ್ತೀರೇನು?

ನಿಮ್ಮ ಕಾಲೇಜಿನ ನಿಯಮ ಏನೈತಿ? ಕಾಮೆಂಟ್‌ನ್ಯಾಗ ಹಾಕ್ರಿ. ಫೆಸ್ಟ್ ಕಮಿಟಿಯವರಿಗೆ ಇದನ್ನ ಕಳಸ್ರಿ.

#ಬೆಳಗಾವಿ #ಖಾನಾಪುರ #ವ್ಯೂಸ್_ಲೆಕ್ಕ