ಸ್ನಾರ್ಕೆಲ್ ಇರಲಿ, ಸೀಟಿ ಎಲ್ಲಿ?

ಸ್ಕೂಬಾ ಮಾಡೋರಲ್ಲಿ ಮುಗಿಯದ ಜಗಳ ಒಂದಿದೆ: ಬೆನ್ನ ಮೇಲೆ ಸಿಲಿಂಡರ್ ಇರುವಾಗ ಸ್ನಾರ್ಕೆಲ್ ಯಾಕೆ? ನೀರೊಳಗೆ ಅದು ಕಿರಿಕಿರಿಯೇ, ಒಪ್ಪಿದೆ. ಆದರೆ ಮೇಲೆ ಬಂದಾಗ ಸಿಲಿಂಡರ್ ಖಾಲಿ, ಅಲೆ ಜೋರು, ದೋಣಿ ದೂರ ಅಂದ್ರೆ? ಮಡಚುವಂಥದ್ದೊಂದು ಜೇಬಲ್ಲಿರಲಿ ಅಂತೀನಿ ನಾನು.

ಅದಕ್ಕಿಂತ ಮುಖ್ಯ, ದೋಣಿಯವರಿಗೆ ನಾವು ಕಾಣಬೇಕಲ್ಲ! 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಲೊನರ್ಗನ್ ದಂಪತಿಯನ್ನು ದೋಣಿ ಬಿಟ್ಟೇ ಬಂತು. ಗೊತ್ತಾಗಿದ್ದು ಎರಡು ದಿನದ ಮೇಲೆ.. ಅವರು ಸಿಗಲೇ ಇಲ್ಲ.

ಅಲೆಗಳ ನಡುವೆ ಮನುಷ್ಯನ ತಲೆ ಅಂದ್ರೆ ತೆಂಗಿನಕಾಯಿ ತೇಲಿದ ಹಾಗೆ. ಎಸ್‌ಎಂಬಿ ಅಂತಾರಲ್ಲ, ಆ ಕಿತ್ತಳೆ ಬಣ್ಣದ ಉದ್ದನೆ ಗಾಳಿಚೀಲ, ಅದನ್ನ ಬಾಯಲ್ಲೇ ಊದಿ ನಿಲ್ಲಿಸಬಹುದು. ಸೀಟಿ ಇದ್ರೆ ಕಿರುಚಿ ಸುಸ್ತಾಗಬೇಕಿಲ್ಲ. ಸರ್ಟಿಫಿಕೇಟ್ ಇಟ್ಕೊಂಡು ನಮ್ಮ ಮುರುಡೇಶ್ವರದ ನೇತ್ರಾಣಿಗೆ ಹೋಗೋರು ಇವೆರಡನ್ನೂ ಕೇಳಿ. "ಗೈಡ್ ಹತ್ರ ಇದೆ" ಅಂತಾರೆ. ಗೈಡ್ ಕಡೆಯಿಂದ ತಪ್ಪಿಸಿಕೊಂಡಾಗಲೇ ತಾನೆ ಅದು ಬೇಕಾಗೋದು?