ನನ್ನ ಮನೆ, ನನ್ನಿಷ್ಟ

‘ನೀವು ಯಾವ ಪೈಕಿ?’ ನಮ್ಮ ಹಾಸನ ಸೀಮೆಯಲ್ಲಿ ಬಾಡಿಗೆ ಮನೆ ಕೇಳಿ ಹೋದವನಿಗೆ ಮೊದಲು ಎದುರಾಗುವ ಪ್ರಶ್ನೆ ಇದು. ವರ್ಗಾವಣೆಯ ನೌಕರಿಯಲ್ಲಿದ್ದ ನಾನು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರುಗಳಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ಹುಡುಕಿಕೊಂಡು ಬೀದಿ ಸುತ್ತಿದವನು. ಕೊಂಚ ಓದಿದ ಮಾಲೀಕರು ಜಾತಿಯನ್ನು ನೇರವಾಗಿ ಕೇಳುವುದಿಲ್ಲ. ‘ಮೂಲ ಯಾವ ಊರು? ಅಲ್ಲಿ ನಿಮ್ಮನೆ ಯಾವ ಬೀದೀಲಿ? ಮಾಂಸ ಮಾಡ್ತೀರಾ?’ ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ಉತ್ತರ ಹಿಡಿಸದಿದ್ದರೆ, ಬೆಳಿಗ್ಗೆ ಖಾಲಿಯಿದ್ದ ಮನೆಗೆ ಸಂಜೆ ಯಾರೋ ನೆಂಟರು ಬರುವವರಿರುತ್ತಾರೆ. ವಾದಕ್ಕೆ ನಿಂತರೆ ಒಂದೇ ಮಾತು: ‘ನನ್ನ ಮನೆ, ನನ್ನಿಷ್ಟ.’

ಈ ಮಾತು ಕಾನೂನಿನ ಮುಂದೆ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ.

1917ರಲ್ಲಿ, ವಿದೇಶದಲ್ಲಿ ಓದಿ ಬರೋಡಾ ಸಂಸ್ಥಾನದ ನೌಕರಿಗೆ ಬಂದ ಅಂಬೇಡ್ಕರರಿಗೆ ಆ ಊರಿನಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ಗುಟ್ಟು ಬಯಲಾದಾಗ ದೊಣ್ಣೆ ಹಿಡಿದವರು ಬಂದು ಹೊರಡಿಸಿದರು. ಮುಂದೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬನನ್ನು ಯಾವುದೇ ಬಡಾವಣೆಯಲ್ಲಿ ವಾಸಿಸದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಶಿಕ್ಷೆ 1 ತಿಂಗಳಿನಿಂದ 6 ತಿಂಗಳವರೆಗೆ ಸೆರೆ, ಮೇಲೆ ದಂಡ. ಮಾಲೀಕರ ‘ಇಷ್ಟ’ಕ್ಕೆ ಸರ್ಕಾರ ಇಟ್ಟಿರುವ ಹೆಸರು ಅದು.

ನಮ್ಮವರಿಗೆ ಇನ್ನೊಂದನ್ನು ನೆನಪಿಸಬೇಕು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿತು. ‘ನನ್ನ ಜಮೀನು, ನನ್ನಿಷ್ಟ’ ಎಂದ ಒಡೆಯರ ಮಾತು ಅಂದು ನಡೆಯಲಿಲ್ಲ. ಹಾಗೆ ಹೊಲ ಪಡೆದ ಮನೆತನಗಳ ಮಕ್ಕಳೂ ಇಂದು ಪೇಟೆಯಲ್ಲಿ ಮಹಡಿ ಕಟ್ಟಿಸಿ, ಬಾಗಿಲಿಗೆ ಬಂದವನ ಜಾತಿ ಅಳೆಯುತ್ತಾರೆ. ಇದಕ್ಕೇನು ಹೇಳೋಣ?

ಹೇಗೋ ಒಳಗೆ ಸೇರಿದವನ ಪಾಡೂ ನೆಟ್ಟಗಿಲ್ಲ. ಜಾತಿ ತಿಳಿದ ಮಾರನೆಯ ದಿನ ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ‘ತಿಂಗಳ ಕೊನೆಗೆ ಖಾಲಿ ಮಾಡಿ, ಇಲ್ಲಾಂದ್ರೆ ಸಾಮಾನು ಬೀದಿಗೆ ಎಸೀತೀನಿ’ ಎಂಬ ಮಾತನ್ನು ನಾನೇ ಕೇಳಿಸಿಕೊಂಡಿದ್ದೇನೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ 15 ದಿನಗಳ ಲಿಖಿತ ನೋಟಿಸು ಬೇಕು. ಆ ದಿನಗಳು ಕಳೆದರೂ ಹೊರಹಾಕಿಸುವುದು ಕೋರ್ಟು, ಮಾಲೀಕರ ಬಾವಮೈದುನನಲ್ಲ. ಬಲವಂತದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ವಕೀಲರ ಫೀಜಿಗೆ ಹೆದರಬೇಕಿಲ್ಲ: ಪರಿಶಿಷ್ಟ ಜಾತಿ, ಪಂಗಡದವರಿಗೂ ಹೆಂಗಸರಿಗೂ, ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಪುಕ್ಕಟೆ.

ಆದರೆ ಮುಸ್ಲಿಮನೆಂದು ಮನೆ ನಿರಾಕರಿಸಿದರೆ ಹಿಡಿಯಲು ಇಂಥ ನೇರ ಕಲಮು ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರು ಹೇಳುತ್ತದೆ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಓಟು ಕೇಳಲು ಅದೇ ಬೀದಿಗಳಿಗೆ ಬರುವ ನಮ್ಮ ಶಾಸಕರು ತುಂಬಬೇಕಾದ ತೆರವು ಇದು.

ಬಾಡಿಗೆ ಎಷ್ಟು ಕೊಡುತ್ತೀಯ, ಅಡ್ವಾನ್ಸ್ ಎಷ್ಟು ಇಡುತ್ತೀಯ ಎಂದು ಮಾಲೀಕ ಧಾರಾಳವಾಗಿ ಕೇಳಲಿ. ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂದು ಕೇಳುವ ಅಧಿಕಾರವನ್ನು ಮನೆಯ ಖಾತೆಯ ಜೊತೆ ಯಾವ ಪುರಸಭೆಯೂ ಬರೆದುಕೊಟ್ಟಿಲ್ಲ.